ಒಂದು ಎಲೆಕ್ಟ್ರಾನಿನ ಲೆಕ್ಕ

ವಿಶ್ವದ ದ್ರವ್ಯದಲ್ಲಿ ಆರರಲ್ಲಿ ಐದು ಪಾಲು ಕಣ್ಣಿಗೆ ಬೀಳದ ಕಪ್ಪುದ್ರವ್ಯ. ಅದು ಎಂಥ ಕಣಗಳಿಂದ ಆಗಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ದಶಕಗಳ ಕಾಲ ಹೆಚ್ಚಿನ ಹುಡುಕಾಟ ನಡೆದದ್ದು ಪ್ರೋಟಾನಿಗಿಂತ ಹತ್ತಾರು, ನೂರಾರು ಪಟ್ಟು ಭಾರದ ಕಣಗಳಿಗಾಗಿ. ಟನ್‌ಗಟ್ಟಲೆ ದ್ರವ ಕ್ಸೆನಾನನ್ನು ನೆಲದಾಳದಲ್ಲಿಟ್ಟು ಕಾದರೂ ಅವು ಸಿಕ್ಕಿಲ್ಲ. ಹಾಗಾದರೆ ಕಣವೇ ಹಗುರವಾಗಿದ್ದರೆ?

ಎಲೆಕ್ಟ್ರಾನಿನ ಎರಡರಷ್ಟು ತೂಕದ ಕಣವೊಂದು ಸೆಕೆಂಡಿಗೆ ಮುನ್ನೂರು ಕಿ.ಮೀ. ವೇಗದಲ್ಲಿ ಬಂದು ಬಡಿದರೂ ಅದರ ಚಲನಶಕ್ತಿ ಅರ್ಧ ಎಲೆಕ್ಟ್ರಾನ್ ವೋಲ್ಟ್ ಅಷ್ಟೆ. ತೀರಾ ವೇಗದ ಕೆಲವಕ್ಕೆ ಮೂರು ಎಲೆಕ್ಟ್ರಾನ್ ವೋಲ್ಟ್‌ನಷ್ಟು ಇದ್ದೀತು. ಕ್ಸೆನಾನ್ ನ್ಯೂಕ್ಲಿಯಸ್ ಇದಕ್ಕೆಲ್ಲ ಅಲುಗುವುದಿಲ್ಲ. ನ್ಯೂಕ್ಲಿಯಸ್ಸನ್ನು ಬಿಟ್ಟು ಎಲೆಕ್ಟ್ರಾನಿಗೆ ಬೀಳುವ ಪೆಟ್ಟನ್ನು ನೋಡಿ ಎಂದು ರೂವೆನ್ ಎಸಿಗ್ ಮತ್ತು ಸಂಗಡಿಗರು 2012ರಲ್ಲಿ ವಾದಿಸಿದರು. ಸಿಲಿಕಾನಿನಲ್ಲಿ ಎಲೆಕ್ಟ್ರಾನೊಂದನ್ನು ಬಿಡಿಸಲು 1.1 ಎಲೆಕ್ಟ್ರಾನ್ ವೋಲ್ಟ್ ಸಾಕು. ಕಷ್ಟವಿರುವುದು ಬಿಡಿಸಿಕೊಂಡ ಆ ಒಂದನ್ನು ಎಣಿಸುವುದರಲ್ಲಿ.

ದೂರದರ್ಶಕಗಳಲ್ಲಿರುವ ಸಿಸಿಡಿ ಎಂಬ ಸಿಲಿಕಾನ್ ಚಿಪ್ಪು ಪ್ರತಿ ಪಿಕ್ಸೆಲ್‌ನ ವಿದ್ಯುದಾವೇಶವನ್ನು ಒಮ್ಮೆ ಅಳೆದು ಚೆಲ್ಲಿಬಿಡುತ್ತದೆ. ಆ ಅಳತೆಯಲ್ಲೇ ಎರಡು ಮೂರು ಎಲೆಕ್ಟ್ರಾನುಗಳಷ್ಟು ಹೆಚ್ಚುಕಡಿಮೆ. ‘ಸ್ಕಿಪ್ಪರ್’ ಸಿಸಿಡಿ ಅಳೆದದ್ದನ್ನು ಚೆಲ್ಲದೆ ಹಿಂದಕ್ಕೆ ಸರಿಸಿ, ಮತ್ತೆ ಮುಂದಕ್ಕೆ ತಂದು ಅಳೆಯುತ್ತದೆ. ಗುಲಗಂಜಿಯಷ್ಟು ಚಿನ್ನವನ್ನು ಅಕ್ಕಸಾಲಿಗ ಮತ್ತೆ ಮತ್ತೆ ತೂಗಿ ಸರಾಸರಿ ಹಿಡಿದ ಹಾಗೆ. ಉಪಾಯ 1990ರಷ್ಟು ಹಳೆಯದು. ಫರ್ಮಿಲ್ಯಾಬಿನ ಹಾವಿಯೆರ್ ಟಿಫೆನ್‌ಬರ್ಗ್ ತಂಡ 2017ರಲ್ಲಿ ಒಂದೊಂದು ಪಿಕ್ಸೆಲನ್ನೂ 4000 ಬಾರಿ ಓದಿ, ದೋಷವನ್ನು 0.07 ಎಲೆಕ್ಟ್ರಾನಿಗೆ ಇಳಿಸಿತು. ಅವರ ನಕ್ಷೆಯಲ್ಲಿ ಸೊನ್ನೆ, ಒಂದು, ಎರಡು, ಮೂರು ಎಂದು ಬಿಡಿಬಿಡಿ ಶಿಖರಗಳು. ನಡುವೆ ಬರಿದಾದ ಕಣಿವೆ. ವಿದ್ಯುತ್ತು ಬಿಡಿಕಾಸಿನಲ್ಲೇ ಬರುತ್ತದೆಂದು ಪಠ್ಯದಲ್ಲಿ ಓದಿದ್ದು ಅಲ್ಲಿ ಕಣ್ಣಿಗೇ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ಹುಡುಕಾಟದ ಅತ್ಯಂತ ಸುಂದರ ಚಿತ್ರ ಇದೇ.

ಎಣಿಸಲು ಬಂದ ಮೇಲೆ ಹೊಸ ತಲೆನೋವು: ಕರೆಯದೆ ಬಂದ ಎಲೆಕ್ಟ್ರಾನುಗಳು. ಶಾಖವೇ ಎಲೆಕ್ಟ್ರಾನನ್ನು ಬಿಡಿಸುತ್ತದಾದ್ದರಿಂದ ಚಿಪ್ಪನ್ನು ಮೈನಸ್ 140 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತಣಿಸಬೇಕು. ವಿಕಿರಣ ತಡೆಯಲು ಸುತ್ತ ತಾಮ್ರ, ಸೀಸ. ಕಾಸ್ಮಿಕ್ ಕಿರಣಗಳಿಂದ ಪಾರಾಗಲು ಪಾತಾಳವಾಸ: ಇಂಥ ಚಿಪ್ಪುಗಳಿಂದಲೇ ಹುಡುಕುವ ಸೆನ್ಸೈ ಪ್ರಯೋಗಕ್ಕೆ ಕೆನಡಾದ ಸಡ್ಬರಿ ಬಳಿಯ ನಿಕ್ಕಲ್ ಗಣಿಯಲ್ಲಿ 2 ಕಿ.ಮೀ. ಆಳ, ಡಾಮಿಕ್-ಎಂ ಪ್ರಯೋಗಕ್ಕೆ ಫ್ರಾನ್ಸ್-ಇಟಲಿ ಗಡಿಯ ಮೊಡಾನ್ ಸುರಂಗ. (ಕೆಜಿಎಫ್ ಗಣಿಯಾಳದಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೋ ಪತ್ತೆಯಾದದ್ದೂ ಇದೇ ತರ್ಕದಿಂದ.) ಇಷ್ಟಾದರೂ ಒಂಟಿ ಎಲೆಕ್ಟ್ರಾನುಗಳ ಕಾಟ ತಪ್ಪಿಲ್ಲ. ಹಾದುಹೋಗುವ ವೇಗದ ಕಣಗಳು ಉಪಕರಣದ ಒಳಗೇ ಚೆಲ್ಲುವ ಮಂಕು ಬೆಳಕೂ ಅವುಗಳ ಒಂದು ಮೂಲ. ಹೀಗಾಗಿ ಎರಡು ಅಥವಾ ಹೆಚ್ಚು ಎಲೆಕ್ಟ್ರಾನುಗಳು ಜೊತೆಯಾಗಿ ಬಿಡುಗಡೆಯಾದ ಘಟನೆಗಳಿಗೇ ಹೆಚ್ಚು ಬೆಲೆ.

ಚಿಪ್ಪುಗಳ ತೂಕ ನೋಡಿದರೆ ನಗು ಬರಬಹುದು. ಸೆನ್ಸೈ 2020ರ ಫಲಿತಾಂಶ ಕೊಟ್ಟದ್ದು ಸುಮಾರು ಎರಡು ಗ್ರಾಂ ಸಿಲಿಕಾನಿನಿಂದ. ಕಣ ಸಿಗಲಿಲ್ಲ. ಆದರೂ ಹಗುರ ಕಣಗಳು ಎಲೆಕ್ಟ್ರಾನಿಗೆ ಹೆಚ್ಚೆಂದರೆ ಎಷ್ಟು ಬಾರಿ ಬಡಿಯಬಹುದು ಎಂಬುದಕ್ಕೆ ಅದು ಆಗ ಜಗತ್ತಿನ ಅತಿ ಬಿಗಿ ಮಿತಿಗಳಲ್ಲೊಂದು. 2025ರಲ್ಲಿ ಡಾಮಿಕ್-ಎಂ ಆ ಮಿತಿಗಳನ್ನು ಇನ್ನಷ್ಟು ಬಿಗಿಗೊಳಿಸಿತು. ‘ಏನೂ ಸಿಗಲಿಲ್ಲ’ ಎಂಬ ಸುದ್ದಿಯನ್ನು ಸೋಲೆಂದು ಓದುವುದು ತಪ್ಪು. ಅದರಿಂದ ಕೆಲವು ಅಚ್ಚುಮೆಚ್ಚಿನ ಸಿದ್ಧಾಂತಗಳಿಗೆ ನಿಲ್ಲಲು ಜಾಗ ಉಳಿದಿಲ್ಲ.

ನಾಳೆ ಸಂಕೇತ ಸಿಕ್ಕರೂ ನಂಬುವುದು ಹೇಗೆ? ಒಂದು ದಾರಿ ಇದೆ. ಭೂಮಿಯ ಒಳಗೆ ಹಾದುಬರುವಾಗ ಈ ಕಣಗಳು ಚದುರುವುದಾದರೆ, ಭೂಮಿ ತಿರುಗಿದಂತೆ ಅವು ಹಾದುಬರುವ ದೂರ ಬದಲಾಗಿ ಎಣಿಕೆಯೂ ಏರಿಳಿಯಬೇಕು, ಅದೂ ನಕ್ಷತ್ರಗಳಿಗೆ ಹೋಲಿಸಿದ ದಿನದ ಲಯದಲ್ಲಿ, ಅಂದರೆ 23 ಗಂಟೆ 56 ನಿಮಿಷಕ್ಕೊಮ್ಮೆ. ಉಪಕರಣದ ತಂಟೆಗಳಿಗೆ ಆ ನಾಲ್ಕು ನಿಮಿಷಗಳ ವ್ಯತ್ಯಾಸ ತಿಳಿಯದು. ಡಾಮಿಕ್-ಎಂ ಈ ಏರಿಳಿತವನ್ನೂ ಹುಡುಕಿತು. ಕಾಣಲಿಲ್ಲ.