ಪೆರು: ಕೆಚುವಾ ಯುವಜನರ ಗುರುತು ಮತ್ತು ಅಸಮಾನತೆ

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ 2017ರಲ್ಲಿ ನಡೆದ ಜನಗಣತಿಯು ಒಂದು ವೈರುಧ್ಯವನ್ನು ಮುಂದಿಟ್ಟಿತು. ಪೂರ್ವಜರು ಹಾಗೂ ಆಚಾರಗಳ ಆಧಾರದ ಮೇಲೆ ತಾವು ಕೆಚುವಾ ಸಮುದಾಯದವರೆಂದು ಹೇಳಿಕೊಂಡವರು, 12 ವರ್ಷ ತುಂಬಿದವರಲ್ಲಿ, 51 ಲಕ್ಷಕ್ಕೂ ಹೆಚ್ಚು. ಆದರೆ ಕೆಚುವಾವೇ ತಮ್ಮ ಮಾತೃಭಾಷೆ ಎಂದವರು, ಚಿಕ್ಕ ಮಕ್ಕಳನ್ನೂ ಸೇರಿಸಿ ಎಣಿಸಿದರೂ, ಸುಮಾರು 37 ಲಕ್ಷ ಮಾತ್ರ. ಗುರುತು ಉಳಿದಿದೆ, ನುಡಿ ಕೈಜಾರುತ್ತಿದೆ. ಈ ಅಂತರಕ್ಕೆ ಸಾಮಾಜಿಕ ಅಸಮಾನತೆಯೇ ಮುಖ್ಯ ಕಾರಣ.

ಇಂಕಾ ಸಾಮ್ರಾಜ್ಯದ ಆಡಳಿತ ಭಾಷೆಯಾಗಿದ್ದ ಕೆಚುವಾ, ಸ್ಪೇನಿನ ಆಕ್ರಮಣದ ನಂತರ ಬಡ ರೈತರ ಭಾಷೆಯೆಂಬ ಹಣೆಪಟ್ಟಿ ಹೊತ್ತಿತು. 1975ರಲ್ಲಿ ಹುವಾನ್ ವೆಲಾಸ್ಕೊ ಸರ್ಕಾರ ಅದಕ್ಕೆ ಅಧಿಕೃತ ಸ್ಥಾನ ನೀಡಿತಾದರೂ, ಅನಕ್ಷರಸ್ಥರಿಗೆ ಮತದಾನದ ಹಕ್ಕು ದೊರೆತದ್ದು 1979ರ ಸಂವಿಧಾನದಿಂದ. ಮರುವರ್ಷವೇ ಆಂತರಿಕ ಸಶಸ್ತ್ರ ಸಂಘರ್ಷ ಆರಂಭವಾಯಿತು. ಸತ್ಯ ಮತ್ತು ಸಾಮರಸ್ಯ ಆಯೋಗವು 2003ರಲ್ಲಿ ನೀಡಿದ ವರದಿಯಂತೆ, 2000ದವರೆಗಿನ ಈ ಹಿಂಸಾಚಾರದಲ್ಲಿ ಅಂದಾಜು 69 ಸಾವಿರ ಮಂದಿ ಹತರಾದರು ಅಥವಾ ಕಣ್ಮರೆಯಾದರು. ಆಯೋಗದ ಬಳಿ ದಾಖಲಾದವರ ಪೈಕಿ ಪ್ರತಿ ನಾಲ್ವರಲ್ಲಿ ಮೂವರು ಕೆಚುವಾ ಅಥವಾ ಬೇರೊಂದು ಮೂಲನಿವಾಸಿ ಭಾಷೆಯನ್ನಾಡುವವರು. ಪ್ರಾಣ ಉಳಿಸಿಕೊಳ್ಳಲು ರಾಜಧಾನಿ ಲಿಮಾಕ್ಕೆ ವಲಸೆ ಬಂದ ಅನೇಕರು ಅವಮಾನಕ್ಕೆ ಅಂಜಿ ಮಕ್ಕಳಿಗೆ ತಮ್ಮ ನುಡಿಯನ್ನು ಕಲಿಸಲಿಲ್ಲ.

ಆ ಮೌನವನ್ನು ಇಂದಿನ ಪೀಳಿಗೆ ಮುರಿಯುತ್ತಿದೆ. ಅಯಾಕುಚೊ ಪ್ರದೇಶದ ರೆನಾತಾ ಫ್ಲೋರೆಸ್ 2015ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗಲೇ, ಮೈಕಲ್ ಜಾಕ್ಸನ್ ಗೀತೆಯೊಂದನ್ನು ಕೆಚುವಾದಲ್ಲಿ ಹಾಡಿ ಅಂತರ್ಜಾಲದಲ್ಲಿ ಮನೆಮಾತಾದರು. ಲಿಬೆರಾತೊ ಕಾನಿ ಈ ನುಡಿಯಲ್ಲಿ ರ‍್ಯಾಪ್ ಹಾಡುತ್ತಾರೆ. 2016ರಲ್ಲಿ ಸರ್ಕಾರಿ ದೂರದರ್ಶನ ಕೆಚುವಾ ವಾರ್ತಾಪ್ರಸಾರ ಆರಂಭಿಸಿತು. 1551ರಲ್ಲಿ ಸ್ಥಾಪನೆಯಾದ ಸಾನ್ ಮಾರ್ಕೋಸ್ ವಿಶ್ವವಿದ್ಯಾಲಯದಲ್ಲಿ ಕೆಚುವಾ ಭಾಷೆಯಲ್ಲೇ ಬರೆದ ಮೊದಲ ಡಾಕ್ಟರೇಟ್ ಪ್ರಬಂಧ ಮಂಡನೆಯಾದದ್ದು 2019ರಲ್ಲಿ.

ಆದರೆ ವೇದಿಕೆಯ ಮೇಲಿನ ಗೌರವ ಅಧಿಕಾರದ ಅಂಗಳಕ್ಕೆ ಇನ್ನೂ ಪೂರ್ಣವಾಗಿ ತಲುಪಿಲ್ಲ. 2021ರಲ್ಲಿ ಅಂದಿನ ಪ್ರಧಾನಿ ಗೀಡೊ ಬೆಯೀಡೊ ಸಂಸತ್ತಿನಲ್ಲಿ ಕೆಚುವಾದಲ್ಲಿ ಭಾಷಣ ಆರಂಭಿಸಿದಾಗ ಆಕ್ಷೇಪ ಎದುರಾಯಿತು. 2022ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಪೆದ್ರೊ ಕಾಸ್ತಿಯೊ ಪದಚ್ಯುತಿಯ ಬಳಿಕ ನಡೆದ ಪ್ರತಿಭಟನೆಗಳ ವೇಳೆ, ಅಯಾಕುಚೊ ನಗರದಲ್ಲಿ ಸೈನಿಕರು ಗುಂಡು ಹಾರಿಸಿದಾಗ 10 ಮಂದಿ ಬಲಿಯಾದರು. ಪ್ರತಿಭಟನಾಕಾರರಿಗೆ ‘ಭಯೋತ್ಪಾದಕರು’ ಎಂಬ ಹಳೆಯ ಹಣೆಪಟ್ಟಿಯನ್ನೇ ಅಂಟಿಸಲಾಯಿತು.

ಸಾರ್ವಜನಿಕ ಸಂಸ್ಥೆಗಳು ಜನರಿಗೆ ಅವರವರ ಭಾಷೆಯಲ್ಲಿ ಸೇವೆ ನೀಡಬೇಕೆಂದು 2011ರ ಭಾಷಾ ಕಾಯ್ದೆ ಹೇಳುತ್ತದೆ. ಆಸ್ಪತ್ರೆ, ನ್ಯಾಯಾಲಯ, ಉನ್ನತ ಶಿಕ್ಷಣಗಳಲ್ಲಿ ಅದು ಜಾರಿಗೆ ಬಂದಷ್ಟೂ, ಮಕ್ಕಳಿಗೆ ಕೆಚುವಾ ಕಲಿಸಲು ತಂದೆತಾಯಂದಿರ ಹಿಂಜರಿಕೆ ಕಡಿಮೆಯಾಗುತ್ತದೆ.