ಕೆರಿಬಿಯನ್ ಕ್ರೂಸ್: ಹಡಗು ಹತ್ತುವ ಮೊದಲು ಲೆಕ್ಕ ಹಾಕಿ

"ಅಮ್ಮಾ, ಈ ಸಲ ನೀವಿಬ್ರೂ ಬಂದಾಗ ಎಲ್ಲರೂ ಸೇರಿ ಕ್ರೂಸ್‌ಗೆ ಹೋಗೋಣ" ಅಂತ ಅಮೆರಿಕದಿಂದ ಮಗಳೋ ಸೊಸೆಯೋ ಫೋನ್ ಮಾಡಿದರೆ ನಮ್ಮಲ್ಲಿ ಹೆಚ್ಚಿನವರಿಗೆ ತಕ್ಷಣ ನೆನಪಾಗೋದು ಟೈಟಾನಿಕ್ ಸಿನಿಮಾ! ಆ ಭಯ ಇಳಿದ ಮೇಲೆ ಪ್ರಶ್ನೆಗಳು ಸಾಲುಗಟ್ಟುತ್ತವೆ. ಏಳು ದಿನ ಊಟಕ್ಕೇನು ಮಾಡೋದು? ಸಮುದ್ರದ ಮೇಲೆ ತಲೆ ತಿರುಗಿದರೆ? ಯಜಮಾನರ ಬಿಪಿ, ಅತ್ತೆಯವರ ಮಂಡಿನೋವು? ಎಲ್ಲಕ್ಕಿಂತ ಮುಖ್ಯವಾಗಿ, ಅಷ್ಟೊಂದು ದುಡ್ಡು ಕೊಟ್ಟು ಹೋಗುವಷ್ಟು ಅಲ್ಲೇನಿದೆ?

ಇದೆ. ಬೆಳಿಗ್ಗೆ ಎದ್ದು "ತಿಂಡಿಗೇನು" ಅಂತ ಯೋಚಿಸದೆ ಏಳು ದಿನ ಕಳೆಯುವ ಸುಖ ಇದೆಯಲ್ಲ, ಅದೊಂದಕ್ಕೇ ಎಷ್ಟು ಕೊಟ್ಟರೂ ಕಡಿಮೆ ಅನ್ನೋಳು ನಾನು. ಆದರೆ ಆ ಸುಖ ಸಿಗಬೇಕಾದರೆ ಮೊದಲು ತಲೆ ಉಪಯೋಗಿಸಬೇಕು. ಯಾವ ಮನೆಯಲ್ಲೇ ಆಗಲಿ ಈ ತಲೆನೋವು ಬೀಳೋದು ಹೆಂಗಸಿನ ಮೇಲೇ ತಾನೆ? ಅಂತರ್ಜಾಲ ತೆರೆದರೆ ಬಣ್ಣಬಣ್ಣದ ಹಡಗುಗಳು, ಜಾರುಬಂಡೆ, ಈಜುಕೊಳ. ನೋಡಿ ಮರುಳಾಗಬೇಡಿ. ಹಡಗನ್ನು ನೋಡಿ ಆರಿಸುವ ಬದಲು ನಿಮ್ಮ ಜೊತೆ ಬರುವವರನ್ನು ನೋಡಿ ಆರಿಸಿ. ಮಂಡಿನೋವಿನವರು ಎಷ್ಟು ಜನ, ಮಗು ಇದೆಯಾ, ಮೊಟ್ಟೆ ಕೂಡ ಮುಟ್ಟದವರು ಇದ್ದಾರಾ, ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಆಮೇಲೆ ದರ ನೋಡಿ.

ಮೊದಲು ಪಾಸ್‌ಪೋರ್ಟ್, ಆಮೇಲೆ ಟಿಕೆಟ್

ಮಿಯಾಮಿ, ಫೋರ್ಟ್ ಲಾಡರ್‌ಡೇಲ್, ಪೋರ್ಟ್ ಕೆನವೆರಲ್, ಟೆಕ್ಸಾಸ್‌ನ ಗಾಲ್ವೆಸ್ಟನ್, ಇವೆಲ್ಲ ಕೆರಿಬಿಯನ್ ಹಡಗುಗಳು ಹೊರಡುವ ದೊಡ್ಡ ಬಂದರುಗಳು. ಹಡಗು ದ್ವೀಪಗಳನ್ನು ಸುತ್ತಿ ವಾಪಸ್ಸು ಬಂದಾಗ ನೀವು ಅಮೆರಿಕಕ್ಕೆ ಇನ್ನೊಮ್ಮೆ ಪ್ರವೇಶ ಮಾಡಿದ ಹಾಗೆ. ಇದನ್ನು ಬಹಳ ಜನ ಗಮನಿಸೋದೇ ಇಲ್ಲ. ಆದ್ದರಿಂದ ಅಪ್ಪ-ಅಮ್ಮನ ವಿಸಿಟರ್ ವೀಸಾದಲ್ಲಿ 'ಎಂಟ್ರೀಸ್' ಅನ್ನುವ ಕಡೆ 'ಎಂ', ಅಂದರೆ ಮಲ್ಟಿಪಲ್, ಅಂತ ಇದೆಯೇ ನೋಡಿ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ.

ಇನ್ನು ಅಲ್ಲಿ ಎಚ್-1ಬಿ ಮೇಲೆ ಕೆಲಸ ಮಾಡುತ್ತಿರುವ ಮಗ, ಅಳಿಯಂದಿರ ವಿಷಯ. ಅವರ ಅವಧಿ ವಿಸ್ತರಣೆಯ ಕಾಗದ ಇರುತ್ತೆ, ಆದರೆ ಪಾಸ್‌ಪೋರ್ಟ್‌ನಲ್ಲಿ ಅಂಟಿಸಿದ ವೀಸಾ ಮುಗಿದಿರುತ್ತೆ. ಅಮೆರಿಕದೊಳಗೆ ಇದ್ದು ಕೆಲಸ ಮಾಡಲು ಆ ಕಾಗದ ಸಾಕು, ಹೊರಗೆ ಹೋಗಿ ಬರಲು ಸಾಲದು. ಕೆನಡಾ, ಮೆಕ್ಸಿಕೋಗೆ ಮಾತ್ರ ಹೋಗಿಬರುವವರಿಗೆ 30 ದಿನದ ಒಳಗಿನ ಒಂದು ವಿನಾಯಿತಿ ಇದೆ. ಕೆರಿಬಿಯನ್ ದ್ವೀಪಗಳಿಗೆ ಎಚ್-1ಬಿಯವರಿಗೆ ಅದು ಅನ್ವಯಿಸುವುದಿಲ್ಲ. ಹಡಗು ಹತ್ತುವಾಗ ತಡೆದರೆ ರಜೆ ಹಾಳು, ಹಿಂತಿರುಗುವಾಗ ತಡೆದರೆ ಕೆಲಸಕ್ಕೇ ಕುತ್ತು. ಹಾಗಾಗಿ ಟಿಕೆಟ್‌ಗೆ ದುಡ್ಡು ಕಟ್ಟುವ ಮುಂಚೆ ಕಂಪನಿಯ ವಕೀಲರನ್ನು ಕೇಳಿಬಿಡಲಿ.

ಹಡಗು ನಿಲ್ಲುವ ಒಂದೊಂದು ದೇಶಕ್ಕೂ ಭಾರತದ ಪಾಸ್‌ಪೋರ್ಟ್‌ನವರಿಗೆ ವೀಸಾ ಬೇಕೇ ಅಂತಲೂ ವಿಚಾರಿಸಬೇಕು. ಅಮೆರಿಕದ ಚಾಲ್ತಿ ವೀಸಾ ಇದ್ದರೆ ಮೆಕ್ಸಿಕೋ ಬೇರೆ ವೀಸಾ ಕೇಳುವುದಿಲ್ಲ. ಎಲ್ಲ ಕಡೆ ಹೀಗೇ ಅಂದುಕೊಳ್ಳಬೇಡಿ. ಬಂದರುಗಳ ಪಟ್ಟಿ ಮುಂದಿಟ್ಟುಕೊಂಡು ಹಡಗು ಕಂಪನಿಯಿಂದ ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಕಾಗದ ಸರಿಯಿಲ್ಲದೆ ಬಂದರಿನಿಂದ ಹಿಂದೆ ಕಳಿಸಿದರೆ ಟಿಕೆಟ್ ಹಣ ವಾಪಸ್ಸು ಬರುವುದಿಲ್ಲ.

ಬಾಣಂತನಕ್ಕೆ ಅಂತ ಹೋಗಿರುವ ಅಮ್ಮಂದಿರಿಗೆ ಒಂದು ಮಾತು. ಪ್ರವಾಸ ಮುಗಿಯುವಷ್ಟರಲ್ಲಿ ಗರ್ಭಿಣಿಗೆ 24ನೇ ವಾರ ಶುರುವಾಗುವಂತಿದ್ದರೆ ಹಡಗಿಗೆ ಸೇರಿಸಿಕೊಳ್ಳುವುದಿಲ್ಲ. ಆರು ತಿಂಗಳ ಒಳಗಿನ ಮಗುವನ್ನೂ ಅಷ್ಟೆ. ಸಮುದ್ರದ ಮೇಲೇ ಹೆಚ್ಚು ದಿನ ಇರುವ ಪ್ರವಾಸವಾದರೆ ಮಗುವಿಗೆ ಒಂದು ವರ್ಷ ತುಂಬಿರಬೇಕು ಅನ್ನುವವರೂ ಇದ್ದಾರೆ. ಹಾಗಾಗಿ ಬಾಣಂತನ ಮತ್ತು ಕ್ರೂಸ್ ಎರಡನ್ನೂ ಒಂದೇ ಭೇಟಿಯಲ್ಲಿ ಮುಗಿಸೋಣ ಅನ್ನೋ ಲೆಕ್ಕ ಕೂಡಿಬರೋದು ಕಷ್ಟ.

ಪೂರ್ವವೋ, ಪಶ್ಚಿಮವೋ, ದಕ್ಷಿಣವೋ

ಕೆರಿಬಿಯನ್ ಕ್ರೂಸ್ ಅಂದರೆ ಒಂದೇ ದಾರಿಯಲ್ಲ, ಮುಖ್ಯವಾಗಿ ಮೂರು.

ಪಶ್ಚಿಮದ ದಾರಿಯಲ್ಲಿ ಮೆಕ್ಸಿಕೋದ ಕೊಜುಮೆಲ್ ಮತ್ತು ಕೋಸ್ಟಾ ಮಾಯಾ, ಗ್ರ್ಯಾಂಡ್ ಕೇಮನ್, ಜಮೈಕಾ, ಬೆಲೀಜ್, ಹೊಂಡುರಾಸ್‌ನ ರೋವಾಟಾನ್ ಸಿಗುತ್ತವೆ. ಮಾಯಾ ಜನರ ಹಳೆಯ ದೇಗುಲಗಳು, ನೀರಿನೊಳಗೆ ಹವಳ ನೋಡುವುದು, ಕೇಮನ್‌ನಲ್ಲಿ ಸೊಂಟದಷ್ಟು ನೀರಲ್ಲಿ ನಿಂತು ತೊರಕೆ ಮೀನುಗಳನ್ನು ಮುಟ್ಟಿ ನೋಡುವುದು... ಓಡಾಡುವ ವಯಸ್ಸಿನವರಿಗೆ ಇದು ಹೇಳಿ ಮಾಡಿಸಿದ ದಾರಿ. ನನ್ನ ಅಕ್ಕ ಹ್ಯೂಸ್ಟನ್‌ನಲ್ಲಿದ್ದಾಳೆ. ಅವಳಿಗೆ ಗಾಲ್ವೆಸ್ಟನ್ ಒಂದು ಗಂಟೆಯ ಕಾರಿನ ದಾರಿ, ವಿಮಾನದ ಖರ್ಚೇ ಇಲ್ಲ. ಡಲ್ಲಾಸ್‌ನವರೂ ಬೆಳಿಗ್ಗೆ ಬೇಗ ಹೊರಟು ತಲುಪಬಹುದು.

ಆದರೆ ಇಲ್ಲಿ ಒಂದು ವಿಷಯ ಯಾರೂ ಹೇಳೋದಿಲ್ಲ. ಗ್ರ್ಯಾಂಡ್ ಕೇಮನ್ ಮತ್ತು ಬೆಲೀಜ್‌ನಲ್ಲಿ ದೊಡ್ಡ ಹಡಗು ದಡದವರೆಗೆ ಹೋಗಲ್ಲ. ದೂರದಲ್ಲೇ ಲಂಗರು ಹಾಕಿ, 'ಟೆಂಡರ್' ಅನ್ನುವ ಸಣ್ಣ ದೋಣಿಯಲ್ಲಿ ಜನರನ್ನು ದಡಕ್ಕೆ ಕರೆದೊಯ್ಯುತ್ತಾರೆ. ಅಲೆಗೆ ದೋಣಿ ಏಳುತ್ತಾ ಬೀಳುತ್ತಾ ಇರುವಾಗ ಅದರೊಳಗೆ ಕಾಲಿಡಬೇಕು. ಮಂಡಿಚಿಪ್ಪಿನ ಆಪರೇಷನ್ ಆದವರಿಗೆ, ಗಾಲಿಕುರ್ಚಿಯವರಿಗೆ ಇದು ಸಾಹಸವೇ. ಅಲೆ ಜೋರಾಗಿದ್ದರೆ ಆ ಊರನ್ನೇ ಬಿಟ್ಟು ಮುಂದೆ ಹೋಗುವುದೂ ಉಂಟು.

ಅಂಥವರು ಜೊತೆಗಿದ್ದರೆ ಪೂರ್ವದ ದಾರಿ ನೋಡಿ. ಸೇಂಟ್ ಥಾಮಸ್, ಸೇಂಟ್ ಮಾರ್ಟನ್, ಪೋರ್ಟೊರಿಕೊದ ಸ್ಯಾನ್ ಹುವಾನ್, ಇಲ್ಲೆಲ್ಲ ಹಡಗು ಸಾಮಾನ್ಯವಾಗಿ ಕಟ್ಟೆಗೇ ತಾಗಿ ನಿಲ್ಲುತ್ತೆ, ನಡೆದುಕೊಂಡೇ ಇಳಿಯಬಹುದು. ಸ್ಯಾನ್ ಹುವಾನ್‌ನ ಹಳೆಯ ಸ್ಪ್ಯಾನಿಷ್ ಕೋಟೆ, ಸೇಂಟ್ ಮಾರ್ಟನ್‌ನ ಮಾಹೋ ಕಡಲತೀರದಲ್ಲಿ ತಲೆ ಮೇಲೇ ಹಾದುಹೋಗುವಂತೆ ಇಳಿಯುವ ವಿಮಾನಗಳು ನೋಡುವಂಥವು. ಸಮುದ್ರದ ಮೇಲಿನ ದಿನಗಳೂ ಇರುವುದರಿಂದ ಹಿರಿಯರಿಗೆ ಸುಸ್ತಾಗಲ್ಲ. ನಡುವೆ ಬಹಾಮಾಸ್‌ನಲ್ಲಿ ಹಡಗು ಕಂಪನಿಗಳದೇ ಸ್ವಂತ ದ್ವೀಪದಲ್ಲಿ ಒಂದು ದಿನ ಇರುತ್ತೆ. ಅಲ್ಲಿ ಮಧ್ಯಾಹ್ನದ ಊಟ ಟಿಕೆಟ್‌ನಲ್ಲೇ ಸೇರಿರುವುದು ಹೆಚ್ಚು, ಆದರೆ ನೆರಳಿನ ಗುಡಿಸಲು, ಜಾರುಬಂಡೆಗೆ ಬೇರೆ ಹಣ.

ದಕ್ಷಿಣದ ದಾರಿ ನನಗೆ ಕೇಳಿದರೆ ಎಲ್ಲಕ್ಕಿಂತ ಚೆಂದ. ಅರೂಬಾ, ಬಣ್ಣದ ಡಚ್ ಮನೆಗಳ ಕುರಸಾವೊ, ಸೇಂಟ್ ಲೂಸಿಯಾ, ಬಾರ್ಬಡೋಸ್. 2024ರ ಜೂನ್ 29ರಂದು ನಮ್ಮ ಹುಡುಗರು ಟಿ-20 ವಿಶ್ವಕಪ್ ಗೆದ್ದ ಕೆನ್ಸಿಂಗ್ಟನ್ ಓವಲ್ ಇರೋದು ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲೇ. ಆಗ ಕೋಚ್ ಆಗಿದ್ದವರು ನಮ್ಮ ರಾಹುಲ್ ದ್ರಾವಿಡ್! ಕ್ರೂಸ್ ಬೇಡ ಅಂತ ರಾಗ ಎಳೆಯುವ ಗಂಡಸರಿದ್ದರೆ ಇದೊಂದು ಮಾತು ಹೇಳಿ ನೋಡಿ. ತೊಂದರೆ ಏನೆಂದರೆ ಈ ದ್ವೀಪಗಳು ದೂರ. ಏಳು ದಿನದಲ್ಲಿ ನೋಡಬೇಕೆಂದರೆ ಬಹುಪಾಲು ಸ್ಯಾನ್ ಹುವಾನ್‌ಗೆ ವಿಮಾನದಲ್ಲಿ ಹೋಗಿ ಅಲ್ಲಿಂದ ಹಡಗು ಹತ್ತಬೇಕು. ಹೆಚ್ಚುಕಮ್ಮಿ ದಿನಕ್ಕೊಂದು ಊರು, ಹತ್ತಿ ಇಳಿದು ಸಾಕಾಗುತ್ತೆ.

ಕಾಲ ನೋಡಿ ಹೊರಡಿ

ಅಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆಗಸ್ಟ್ ಮಧ್ಯದಿಂದ ಅಕ್ಟೋಬರ್‌ವರೆಗೆ ಜಾಸ್ತಿ. ಸೆಪ್ಟೆಂಬರ್ ದರ ಅಷ್ಟು ಅಗ್ಗ ಯಾಕೆ ಅನ್ನೋದಕ್ಕೆ ಇದೇ ಉತ್ತರ. ಹಡಗನ್ನು ಗಾಳಿಗೆ ಸಿಕ್ಕಿಸಲ್ಲ, ದಾರಿ ಬದಲಿಸುತ್ತಾರೆ. ನೀವು ಆಸೆಪಟ್ಟು ಹೊರಟ ಊರು ತಪ್ಪಿಹೋದರೂ ಟಿಕೆಟ್ ಹಣ ವಾಪಸ್ಸಿಲ್ಲ, ಆ ಬಂದರಿನ ಶುಲ್ಕ ಮಾತ್ರ ಸಿಗುತ್ತೆ. ಕ್ರಿಸ್‌ಮಸ್ ಮತ್ತು ಮಾರ್ಚ್‌ನ ಕಾಲೇಜು ರಜೆಯಲ್ಲಿ ದರ ಗಗನಕ್ಕೆ. ನಮಗೆ ಅನುಕೂಲ ಏನು ಗೊತ್ತಾ? ಏಪ್ರಿಲ್ ಕೊನೆಯಿಂದ ಮೇವರೆಗೆ, ಅಂದರೆ ನಮ್ಮ ಕರ್ನಾಟಕದ ಶಾಲೆಗಳ ಬೇಸಿಗೆ ರಜೆಯಲ್ಲಿ, ಅಮೆರಿಕದ ಮಕ್ಕಳಿಗೆ ಶಾಲೆ ಇರುತ್ತೆ. ಚಂಡಮಾರುತವೂ ಶುರುವಾಗಿರಲ್ಲ, ದರವೂ ಹದವಾಗಿರುತ್ತೆ. ದಸರಾ ರಜೆಗಿಂತ ಇದು ಎಷ್ಟೋ ವಾಸಿ.

ಎಂಟು ನೂರು ಡಾಲರ್ ಅಂದರೆ ಎಂಟು ನೂರಲ್ಲ

ಜಾಹೀರಾತಿನಲ್ಲಿ ಕಾಣುವ ದರ ಒಬ್ಬರಿಗೆ, ಅದೂ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇದ್ದರೆ. ಒಬ್ಬರೇ ಹೋದರೆ ಎಷ್ಟೋ ಬಾರಿ ಇಬ್ಬರದೂ ಕೊಡಬೇಕಾಗುತ್ತೆ. ಅದೇ ಕ್ಯಾಬಿನ್‌ಗೆ ಸೇರುವ ಮೂರನೆಯ, ನಾಲ್ಕನೆಯವರಿಗೆ ಕಡಿಮೆ.

ಆಮೇಲೆ ಟಿಪ್ಸ್. ಕೊಟ್ಟರೆ ಕೊಟ್ಟರು ಅನ್ನುವ ಬಾಬತ್ತಲ್ಲ ಇದು, ದೊಡ್ಡ ಕಂಪನಿಗಳಲ್ಲಿ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ನಿಮ್ಮ ಲೆಕ್ಕಕ್ಕೆ ತಾನಾಗಿಯೇ ಬೀಳುತ್ತೆ. ದಿನಕ್ಕೆ 18 ಅಂತ ಹಿಡಿದರೂ ನಾಲ್ಕು ಜನಕ್ಕೆ ಏಳು ದಿನಕ್ಕೆ 504 ಡಾಲರ್. ನಮ್ಮ ರೂಪಾಯಿಯಲ್ಲಿ ಹತ್ತಿರ ಹತ್ತಿರ 45 ಸಾವಿರ! ನೀರು, ಕಾಫಿ, ಟೀ ಉಚಿತ, ಕೋಲಾಗೆ ದುಡ್ಡು. ವೈಫೈ, ಊರು ಸುತ್ತಿಸುವ ಟೂರು, ಬಂದರಿಗೆ ಹೋಗುವ ವಿಮಾನ, ಹಿಂದಿನ ರಾತ್ರಿಯ ಹೋಟೆಲ್, ಎಲ್ಲ ಬೇರೆ. ಹಿಂದಿನ ದಿನವೇ ಆ ಊರು ಸೇರಿಕೊಳ್ಳಿ. ವಿಮಾನ ತಡವಾಯಿತು ಅಂತ ಹಡಗು ಕಾಯಲ್ಲ.

ಮದ್ಯದ ಪ್ಯಾಕೇಜ್ ಬಗ್ಗೆ ಎಚ್ಚರ. ದಿನಕ್ಕೆ 60 ಡಾಲರ್‌ಗೂ ಮೇಲಿರುವುದು ಸಾಮಾನ್ಯ. ಕೆಲವು ಕಂಪನಿಗಳಲ್ಲಿ ಒಂದು ಕ್ಯಾಬಿನ್‌ನಲ್ಲಿರುವ ದೊಡ್ಡವರಲ್ಲಿ ಒಬ್ಬರು ತಗೊಂಡರೆ ಇನ್ನೊಬ್ಬರೂ ತಗೊಳ್ಳಲೇಬೇಕು ಅನ್ನುವ ನಿಯಮ ಇದೆ. ಯಜಮಾನರ ಎರಡು ಬಿಯರ್‌ಗಾಗಿ ಮುಟ್ಟದೇ ಇರುವ ನೀವೂ ದುಡ್ಡು ತೆರಬೇಕಾಗುತ್ತೆ. ಬೇಕಾದಾಗ ಬಿಡಿಯಾಗಿ ಕೊಂಡುಕೊಳ್ಳಲಿ ಬಿಡಿ.

ಎರಡು ಕ್ರೂಸ್‌ಗಳನ್ನು ಹೋಲಿಸುವಾಗ ಇದನ್ನೆಲ್ಲ ಕೂಡಿಸಿ ಬಂದ ಒಟ್ಟು ಮೊತ್ತವನ್ನೇ ಹೋಲಿಸಿ. ಮೇಲುನೋಟಕ್ಕೆ ಅಗ್ಗ ಕಂಡದ್ದು ಕೊನೆಗೆ ದುಬಾರಿಯಾಗುವುದು ಇಲ್ಲೇ. ಪೂರ್ತಿ ಹಣ ಕಟ್ಟುವ ಗಡುವು ಸಾಮಾನ್ಯವಾಗಿ ಹೊರಡುವ 75-90 ದಿನ ಮುಂಚೆ. ಅಷ್ಟರೊಳಗೆ ದರ ಇಳಿದರೆ ಕೇಳಿ ಕಡಿಮೆ ಮಾಡಿಸಿಕೊಳ್ಳಬಹುದು, ಆಗಾಗ ನೋಡ್ತಾ ಇರಿ.

ಕಂಪನಿಗಳ ಸ್ವಭಾವವೂ ಬೇರೆ ಬೇರೆ. ಕಾರ್ನಿವಲ್ ಕೈಗೆಟಕುವ ದರದ್ದು, ಗದ್ದಲವೂ ಹೆಚ್ಚು. ರಾಯಲ್ ಕೆರಿಬಿಯನ್‌ನದು ಮಹಾ ಹಡಗುಗಳು. 2024ರಲ್ಲಿ ಪ್ರಯಾಣ ಶುರುಮಾಡಿದ 'ಐಕಾನ್ ಆಫ್ ದ ಸೀಸ್'ಗೆ 20 ಅಂತಸ್ತು! ಮಕ್ಕಳಿಗೆ ಹಬ್ಬ, ಆದರೆ ಹಿರಿಯರು ಕ್ಯಾಬಿನ್‌ನಿಂದ ಊಟಕ್ಕೆ ನಡೆಯುವಷ್ಟರಲ್ಲಿ ಹಸಿವೇ ಹೋಗಿರುತ್ತೆ. ಹಾಲೆಂಡ್ ಅಮೆರಿಕ, ಪ್ರಿನ್ಸೆಸ್ ಶಾಂತವಾಗಿರುತ್ತವೆ. ಡಿಸ್ನಿ ದುಬಾರಿ. ವರ್ಜಿನ್ ವಾಯೇಜಸ್‌ಗೆ 18 ತುಂಬದವರಿಗೆ ಪ್ರವೇಶವೇ ಇಲ್ಲ.

ಕ್ಯಾಬಿನ್ ಆರಿಸುವಾಗ ಹಡಗಿನ ನಡುಭಾಗ, ಕೆಳಗಿನ ಅಂತಸ್ತು ಕೇಳಿ. ತೂಗಾಟ ಅಲ್ಲಿ ಕಡಿಮೆ. ನಾಲ್ವರ ಕ್ಯಾಬಿನ್ ಅಂದರೆ ಇಬ್ಬರಿಗೆ ರೈಲಿನ ಅಪ್ಪರ್ ಬರ್ತ್ ಥರದ ಹಾಸಿಗೆ, ಹಿರಿಯರಿಗೆ ಆಗದು. ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಅಗ್ಗ, ಮಲಗೋಕೆ ಮಾತ್ರ ಬರುವವರಿಗೆ ಸಾಕು. ಹೆಚ್ಚು ಓಡಾಡಲಾಗದ ಅತ್ತೆ-ಮಾವನಿಗೆ ಮಾತ್ರ ಬಾಲ್ಕನಿ ಕೊಡಿಸಿ. ಕೂತಲ್ಲೇ ಸಮುದ್ರ ಕಾಣುತ್ತೆ, ಅವರ ಕ್ರೂಸ್ ಅಷ್ಟೇ ಅಂದರೂ ನಷ್ಟವಿಲ್ಲ.

ಊಟ, ಔಷಧಿ, ಊದುಬತ್ತಿ

ಊಟದ ಚಿಂತೆ ನೀವಂದುಕೊಂಡಷ್ಟಿಲ್ಲ. ದೊಡ್ಡ ಹಡಗುಗಳಲ್ಲಿ ಗೋವಾ, ಮಂಗಳೂರು, ಮುಂಬೈ ಕಡೆಯ ಕೆಲಸಗಾರರು ಸಿಗುತ್ತಾರೆ. ಕಾರ್ನಿವಲ್, ರಾಯಲ್ ಕೆರಿಬಿಯನ್‌ಗಳ ರಾತ್ರಿ ಊಟದಲ್ಲಿ ಭಾರತೀಯ ಸಸ್ಯಾಹಾರದ ಅಡುಗೆ ಕೇಳಿದರೆ ಸಿಗುತ್ತೆ. ಬುಕ್ ಮಾಡುವಾಗಲೇ ತಿಳಿಸಿ, ಮೊದಲ ರಾತ್ರಿಯೇ ಹೆಡ್ ವೇಟರ್ ಹತ್ತಿರ ಮಾತಾಡಿ. ಬರೀ 'ವೆಜಿಟೇರಿಯನ್' ಅಂದರೆ ಮೊಟ್ಟೆ ಬಂದೀತು. ಮೊಟ್ಟೆ ಬೇಡ, ಮೀನು ಬೇಡ, ಮಾಂಸ ಬೇಯಿಸಿದ ನೀರೂ ಬೇಡ ಅಂತ ಬಿಡಿಸಿ ಹೇಳಿ.

ಮನೆಯಲ್ಲಿ ಮಾಡಿದ ಚಕ್ಕುಲಿ, ಪುಳಿಯೋಗರೆ ಒಯ್ಯಲು ಬಿಡುವುದಿಲ್ಲ. ಸೀಲ್ ಮಾಡಿದ ಅಂಗಡಿ ಪ್ಯಾಕೆಟ್ ಆದರೆ ತೊಂದರೆಯಿಲ್ಲ, ಒಂದೆರಡು ಚಟ್ನಿಪುಡಿ ಇಟ್ಟುಕೊಳ್ಳಿ. ಎಲೆಕ್ಟ್ರಿಕ್ ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಒಯ್ದರೆ ಬಂದರಿನಲ್ಲೇ ತೆಗೆದಿಡುತ್ತಾರೆ. ಮೇಣದಬತ್ತಿ, ಊದುಬತ್ತಿ ಕೂಡ ಬೇಡ. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಇಲ್ಲ. ದೇವರಿಗೆ ಕೈಮುಗಿದರೆ ಸಾಕು.

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಕೈಚೀಲದಲ್ಲೇ ಇರಲಿ. ಬಂದರಿನಲ್ಲಿ ಕೊಟ್ಟ ಸೂಟ್‌ಕೇಸ್ ಕ್ಯಾಬಿನ್‌ಗೆ ಬರೋದು ಸಂಜೆಯಾಗಬಹುದು. ತಲೆಸುತ್ತಿನ ಮಾತ್ರೆಯನ್ನು ನಿಮ್ಮ ಡಾಕ್ಟರನ್ನು ಕೇಳಿ ತಗೊಳ್ಳಿ, ಬೇರೆ ಮಾತ್ರೆ ನುಂಗುವವರಂತೂ ಕೇಳಲೇಬೇಕು. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಬಿಲ್ಲೂ ಇರುತ್ತೆ. ಅಮೆರಿಕಕ್ಕೆ ಅಂತ ಮಾಡಿಸಿದ ಆರೋಗ್ಯ ವಿಮೆ ಸಮುದ್ರದ ಮೇಲೆ, ಬೇರೆ ದ್ವೀಪಗಳಲ್ಲಿ ನಡೆಯುತ್ತಾ ಅಂತ ವಿಚಾರಿಸಿ. ತುರ್ತಾಗಿ ಹೆಲಿಕಾಪ್ಟರ್‌ನಲ್ಲಿ ಸಾಗಿಸಬೇಕಾದರೆ ಆಗುವ ಖರ್ಚನ್ನೂ ಅದು ಕೊಡಬೇಕು.

ಊರು ನೋಡಲು ನೀವೇ ಟ್ಯಾಕ್ಸಿ ಮಾಡಿಕೊಂಡು ಹೋದರೆ ಅಗ್ಗ, ಆದರೆ ತಡವಾದರೆ ಹಡಗು ಹೊರಟೇ ಹೋಗುತ್ತೆ. ಹಡಗಿನವರೇ ಏರ್ಪಡಿಸಿದ ಟೂರ್ ತಡವಾದರೆ ಕಾಯುತ್ತಾರೆ. ದ್ವೀಪದ ಗಡಿಯಾರ, ಹಡಗಿನ ಗಡಿಯಾರ ಒಂದೇ ಇರಬೇಕೆಂದಿಲ್ಲ, ಮೊಬೈಲ್ ತಾನಾಗಿಯೇ ಬದಲಾಗಿಬಿಡುತ್ತೆ. ಕೈಗೊಂದು ಹಳೇ ವಾಚ್ ಕಟ್ಟಿಕೊಂಡು ಹಡಗಿನ ಸಮಯಕ್ಕೆ ಇಟ್ಟುಕೊಳ್ಳಿ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕದಿದ್ದರೆ ರೋಮಿಂಗ್ ಬಿಲ್ ನೋಡಿ ತಲೆ ತಿರುಗೀತು.

ಬಟ್ಟೆಗೆ ಹೊಸದೇನೂ ಕೊಳ್ಳಬೇಕಿಲ್ಲ. ಒಂದೆರಡು ರಾತ್ರಿ ಚೆನ್ನಾಗಿ ಅಲಂಕರಿಸಿಕೊಂಡು ಊಟಕ್ಕೆ ಬರಬೇಕು ಅಂತಿರುತ್ತೆ, ಅದಕ್ಕೆ ನಿಮ್ಮ ಮೈಸೂರು ಸಿಲ್ಕ್ ಸೀರೆಗಿಂತ ಇನ್ನೇನು ಬೇಕು! ಈಜುಕೊಳಕ್ಕೆ ಚೂಡಿದಾರ್‌ನಲ್ಲಿ ಇಳಿಯೋ ಹಾಗಿಲ್ಲ, ಮೈ ಮುಚ್ಚುವ ಈಜುಡುಗೆ ಅಂಗಡಿಗಳಲ್ಲಿ ಸಿಗುತ್ತೆ. ಕೊನೆಯ ರಾತ್ರಿ ಸೂಟ್‌ಕೇಸ್‌ಗಳನ್ನು ಕ್ಯಾಬಿನ್ ಹೊರಗಿಡಲು ಹೇಳುತ್ತಾರೆ, ಅವು ಮತ್ತೆ ಕೈಗೆ ಸಿಗೋದು ಮರುದಿನ ಬಂದರಿನಲ್ಲೇ. ಪಾಸ್‌ಪೋರ್ಟ್, ಮಾತ್ರೆ, ಜೊತೆಗೆ ಬೆಳಿಗ್ಗೆ ಉಡುವ ಒಂದು ಜೊತೆ ಬಟ್ಟೆ, ಚಪ್ಪಲಿ ಸಮೇತ, ಹೊರಗೆ ತೆಗೆದಿಟ್ಟುಕೊಂಡು ಆಮೇಲೆ ಜಿಪ್ ಎಳೆಯಿರಿ.