ಬ್ಲಫ್‌ನ ಹಿತ್ತಿಲಲ್ಲಿ ಕಾವಿಗೆ ಕೂತ ಹ್ಯಾಟೆ

ಮಳವಳ್ಳಿಯಿಂದ ಕೊಳ್ಳೇಗಾಲದ ಹೆದ್ದಾರಿ ಹಿಡಿದು, ಕಾವೇರಿ ಸಿಗುವ ಮುನ್ನ ಎಡಕ್ಕೆ ಹೊರಳಿದರೆ ಬ್ಲಫ್‌ಗೆ ದಾರಿ. ಗಗನಚುಕ್ಕಿ ಜಲಪಾತ ನೋಡಲು ಬರುವವರು ಈ ಊರನ್ನು ದಾಟಿ ಹೋಗುತ್ತಾರೆಯೇ ಹೊರತು ಇಳಿದು ನೋಡುವುದು ಕಡಿಮೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೊರಟದ್ದು ಇಲ್ಲಿಂದಲೇ. 1905ರಲ್ಲಿ ಬೆಂಗಳೂರಿಗೂ ದೀಪ ಬಂತು. ನದಿಯ ನೀರು ಕಾಲುವೆಯಲ್ಲಿ ಬಂದು, ಇಲ್ಲಿ ಕಟ್ಟೆಯಲ್ಲಿ ತಂಗಿ, ದಪ್ಪ ಕೊಳವೆಗಳಲ್ಲಿ ಕಣಿವೆಯ ತಳದ ಶಿವನಸಮುದ್ರ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಆ ಕೆಲಸದ ಜನಕ್ಕೆಂದು ಎದ್ದ ವಸತಿಯೇ ಈ ಊರಿನ ಬುಡ.

ವಿದ್ಯುದಾಗಾರದ ಕಥೆ ಬಹಳ ಸಲ ಬಂದಿದೆ. ನಾನು ನೋಡಹೊರಟದ್ದು ಹಿತ್ತಿಲುಗಳನ್ನು. ಸೌದೆ ಒಟ್ಟಿಲು, ನುಗ್ಗೆ ಮರ, ಬಚ್ಚಲ ನೀರಿಗೆ ಬೆಳೆದ ಕೆಸು, ನಡುವೆ ಕೆದಕುತ್ತ ನಾಲ್ಕಾರು ನಾಟಿ ಕೋಳಿ. ಪಕ್ಕದಲ್ಲಿ ಬೀಗ ಬಿದ್ದ ಮನೆ, ಲಂಟಾನದ ಪೊದೆ. ಕೋಳಿ ಸಾಕುವವರ ತಲೆನೋವೇ ಇದು: ಹ್ಯಾಟೆಗೆ, ಅಂದರೆ ಹೆಣ್ಣು ಕೋಳಿಗೆ, ಬಚ್ಚಿಟ್ಟುಕೊಳ್ಳಲು ಜಾಗ ಜಾಸ್ತಿ. ಪೊದೆಯಲ್ಲಿಟ್ಟ ಮೊಟ್ಟೆ ಮುಂಗುಸಿಗೋ ಹಾವಿಗೋ ನಾಯಿಗೋ ಸೇರುತ್ತದೆ. ಮೊಟ್ಟೆ ಉಳಿದರೂ ಕಾವು ಕೂತ ಕೋಳಿ ರಾತ್ರಿ ಕಾಡುಬೆಕ್ಕಿನ ಬಾಯಿಗೆ ಬೀಳಬಹುದು.

ಹಾಗಾಗಿ ಗೂಡು ಎಂದರೆ ಪೊದೆಯ ಜೊತೆಗಿನ ಪೈಪೋಟಿ. ಹ್ಯಾಟೆಗೆ ಬೇಕಾದದ್ದು ಅರೆಗತ್ತಲು, ಮೂರು ಕಡೆ ಮರೆ, ಜನ ಓಡಾಡದ ಮೂಲೆ. ಒಂದು ಅಡಿ ಅಗಲದ ಬಿದಿರು ಬುಟ್ಟಿ ಸಾಕು. ತಳಕ್ಕೆ ಒಲೆಯ ಬೂದಿ, ಅದರ ಮೇಲೆ ಒಂದು ಹಿಡಿ ಬೇವಿನ ಸೊಪ್ಪು, ಮೇಲೆ ಒಣಗಿದ ಬತ್ತದ ಹುಲ್ಲನ್ನು ಸುತ್ತಿ ಗುಳಿ ಮಾಡಿದರೆ ಆಯಿತು. ಬೂದಿ ಮತ್ತು ಬೇವು ಹೇನಿಗಾಗಿ. ಹೇನು ಹತ್ತಿದ ಗೂಡನ್ನು ಹ್ಯಾಟೆ ನಡುವೆಯೇ ಬಿಟ್ಟೇಳುತ್ತದೆ. ಬುಟ್ಟಿಯನ್ನು ನೆಲದಿಂದ ತುಸು ಎತ್ತರಕ್ಕೆ, ಇರುವೆ ಇಲಿ ಹತ್ತದ ಕಡೆ ಇಡಬೇಕು.

ಹೊಸ ಹ್ಯಾಟೆಯನ್ನು ಗೂಡಿಗೆ ಒಗ್ಗಿಸುವ ಕ್ರಮ ಹಳೆಯದು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಹಿಡಿದು, ಹಿಂಭಾಗದಲ್ಲಿ ಬೆರಳಿಟ್ಟು ನೋಡುತ್ತಾರೆ. ಮೊಟ್ಟೆ ಗಟ್ಟಿಯಾಗಿ ಸಿಕ್ಕರೆ ಆ ದಿನ ಅದಕ್ಕೆ ಬಿಡುಗಡೆ ಇಲ್ಲ. ಗೂಡಿನ ಬಳಿಯೇ ಮಂಕರಿ ಮುಚ್ಚಿ ಇಡುವುದು. ಮೊಟ್ಟೆ ಇಟ್ಟು ಕೊಕ್ಕೊಕ್ಕೋ ಎಂದು ಊರಿಗೆಲ್ಲ ಸಾರಿದ ಮೇಲೆ ಬಿಡುವುದು. ಕೆಲವು ದಿನ ಹೀಗಾದರೆ ತಾನಾಗಿಯೇ ಅಲ್ಲಿಗೆ ಬರುತ್ತದೆ. ಮೊಟ್ಟೆ ತೆಗೆಯುವಾಗ ಗೂಡನ್ನು ಬರಿದು ಮಾಡಬಾರದು. ಇದ್ದಿಲಿನಿಂದ ಗೆರೆ ಎಳೆದ ಒಂದು ಮೊಟ್ಟೆಯನ್ನು ಅಲ್ಲೇ ಬಿಟ್ಟರೆ ಹ್ಯಾಟೆ ಜಾಗ ಬದಲಿಸದು. ಗೆರೆ ಇರುವುದರಿಂದ ಹಳೆಯದು ಯಾವುದೆಂದು ನಮಗೂ ಗೊತ್ತಾಗುತ್ತದೆ.

ತೆಗೆದ ಮೊಟ್ಟೆಗಳನ್ನು ಚೂಪು ತುದಿ ಕೆಳಗಾಗಿ ರಾಗಿಯಲ್ಲಿ ಹೂತಿಡುವುದುಂಟು. ಮರಿಗೆಂದು ಇಡುವ ಮೊಟ್ಟೆ ವಾರಕ್ಕಿಂತ ಹಳತಾಗದಿದ್ದರೆ ಚೆನ್ನ. ಹತ್ತು ಹದಿನೈದು ಮೊಟ್ಟೆ ಇಟ್ಟ ಮೇಲೆ ಹ್ಯಾಟೆಗೆ ಕಾವು ಏರುತ್ತದೆ: ಪುಕ್ಕ ಕೆದರಿ, ಕೊರ್ ಎಂದು, ಕೈ ಹಾಕಿದವರನ್ನು ಕುಕ್ಕುತ್ತದೆ. ಕತ್ತಲಾದ ಮೇಲೆ ಕೂರಿಸಿದರೆ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ. ಅದರ ಎದೆಯಡಿ ಮುಚ್ಚಿಹೋಗುವಷ್ಟೇ, ಅಂದರೆ ಹತ್ತು ಹನ್ನೆರಡು ಮೊಟ್ಟೆ ಸಾಕು. ಆಸೆಗೆ ಬಿದ್ದು ಹದಿನೈದು ಇಟ್ಟರೆ, ಹ್ಯಾಟೆ ಹೊರಳಿಸುವಾಗೆಲ್ಲ ಸರದಿಯ ಮೇಲೆ ಒಂದೊಂದು ಹೊರಗುಳಿದು ತಣ್ಣಗಾಗುತ್ತದೆ. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಬುಟ್ಟಿಯಲ್ಲಿ ಇದ್ದಿಲು, ಕಬ್ಬಿಣದ ಚೂರು ಇಡುವ ನಂಬಿಕೆಯೂ ಹಳ್ಳಿಗಳಲ್ಲಿದೆ.

ಏಳನೇ ರಾತ್ರಿ ಟಾರ್ಚ್ ಬೆಳಕಿಗೆ ಹಿಡಿದರೆ ಒಳಗಿನ ಸಂಗತಿ ಕಾಣುತ್ತದೆ. ಕೆಂಪು ನರಗಳು ಜೇಡರ ಬಲೆಯಂತೆ ಹರಡಿದ್ದರೆ ಮರಿ ಇದೆ. ಒಂದೇ ಸಮ ತಿಳಿಯಾಗಿದ್ದರೆ ಗೊಡ್ಡು. ಹದಿನೆಂಟನೇ ದಿನದ ಮೇಲೆ ಮುಟ್ಟುವಂತಿಲ್ಲ. ಇಪ್ಪತ್ತೊಂದಕ್ಕೆ ಪಿಳ್ಳೆಗಳು ಚಿಪ್ಪು ಒಡೆಯುತ್ತವೆ. ಅಲ್ಲಿಯವರೆಗೆ ಹ್ಯಾಟೆ ದಿನಕ್ಕೊಮ್ಮೆ ಎದ್ದು, ಕಾಳು ತಿಂದು, ನೀರು ಕುಡಿದು, ಬೇಗ ಮರಳುತ್ತದೆ. ಆ ಹೊತ್ತಿಗೆ ಕಾಳು ನೀರು ಹತ್ತಿರವೇ ಇರಬೇಕು. ಸಾಕುವವರ ಕೆಲಸ ಅಷ್ಟೇ. ಉಳಿದದ್ದರಲ್ಲಿ ಕೈ ಹಾಕದಿರುವುದೇ ಜಾಣತನ.

ಹುಟ್ಟಿದ ಪಿಳ್ಳೆಗಳ ಹೊಟ್ಟೆಯಲ್ಲಿ ಹಳದಿ ಲೋಳೆ ಉಳಿದಿರುವುದರಿಂದ ಮೊದಲ ದಿನ ಆಹಾರಕ್ಕೆ ಅವಸರವಿಲ್ಲ. ಆಮೇಲೆ ಅಕ್ಕಿ ನುಚ್ಚು, ರಾಗಿ, ಸಗಣಿ ತುಂಬಿ ಬೋರಲು ಹಾಕಿದ ಮಡಕೆಗೆ ಹತ್ತಿದ ಗೆದ್ದಲು. ಹದ್ದಿನ ಕಣ್ಣು ತಪ್ಪಿಸಲು ಮಂಕರಿ ಬೇಕೇ ಬೇಕು. ಮೊದಲ ವಾರದಲ್ಲಿ ಕೊಕ್ಕರೆ ರೋಗಕ್ಕೆ ಕಣ್ಣಿಗೆ ಹನಿ ಲಸಿಕೆ ಹಾಕಿಸದಿದ್ದರೆ ಇಷ್ಟು ದಿನದ ಶ್ರಮವೆಲ್ಲ ಒಂದೇ ರೋಗಕ್ಕೆ ಹೋಗಬಹುದು.

ಬೆಂಗಳೂರಿನ ಹೆಬ್ಬಾಳದಲ್ಲಿ 1989ರಲ್ಲಿ ರೂಪುಗೊಂಡ ಗಿರಿರಾಜ ತಳಿ ಮೊಟ್ಟೆ, ಮಾಂಸ ಎರಡರಲ್ಲೂ ನಾಟಿಗಿಂತ ಮುಂದು. ಆದರೆ ಕಾವು ಕೂರುವ ಗುಣ ಅದಕ್ಕೆ ಬಲು ಕಡಿಮೆ. ಮೊಟ್ಟೆ ಹೆಚ್ಚಲೆಂದು ಆರಿಸುತ್ತ ಹೋದಂತೆ ಕಾವು ಕಳೆಯುತ್ತದೆ. ಅದರ ಮರಿ ಬೇಕಾದರೆ ಕರೆಂಟಿನ ಪೆಟ್ಟಿಗೆ ಇರಬೇಕು, ಇಲ್ಲವೇ ನಾಟಿ ಹ್ಯಾಟೆಯ ಅಡಿಯಲ್ಲಿಡಬೇಕು. ನಾಡಿಗೆ ಕರೆಂಟು ಕೊಟ್ಟ ಈ ಊರಿನ ಹಿತ್ತಿಲಲ್ಲೂ ಎರಡನೆಯದೇ ಅಗ್ಗ. ಯಾವ ತಳಿ ಸಾಕಿದರೂ ಕಾವಿಗೆಂದು ಒಂದೆರಡು ನಾಟಿ ಹ್ಯಾಟೆಯನ್ನು ಉಳಿಸಿಕೊಳ್ಳುವುದು ಲಾಭದ ಲೆಕ್ಕವೇ.